ಮ್ಯಾರಥಾನ್ ಓಡುವವರೇ, ಬಾಯಾರದೆ ನೀರು ಕುಡಿಯಬೇಡಿ

ಮುಂದಿನ ರೇಸಿನ ಕೈಪಿಡಿ ಮೊನ್ನೆ ಬಂತು. ಮೂರನೇ ಪುಟ ತೆಗೆದರೆ ಮತ್ತೆ ಅದೇ ಸಾಲು: ಬಾಯಾರುವ ಮೊದಲೇ ಕುಡಿಯಿರಿ, ಒಂದು ನೀರಿನ ಸ್ಟೇಷನ್ ಕೂಡ ಬಿಡಬೇಡಿ. ಎರಡು ವರ್ಷದ ಹಿಂದೆ ನಾನು ಈ ಸಾಲನ್ನು ನಂಬಿ, ಒಂದಕ್ಷರ ತಪ್ಪದೆ ಪಾಲಿಸಿ, ಫಿನಿಶ್ ಲೈನಿನಿಂದ ನೇರ ಐಸಿಯುಗೆ ಹೋಗಿದ್ದೆ. ನೀರು ಕಡಿಮೆಯಾಗಿ ಅಲ್ಲ. ಜಾಸ್ತಿಯಾಗಿ.

ನಾನು ನಿಧಾನಕ್ಕೆ ಓಡುವವರ ಪೈಕಿ. ಅದಕ್ಕೂ ಮುಂಚೆ ನಾಲ್ಕು ಹಾಫ್ ಮ್ಯಾರಥಾನ್ ಮುಗಿಸಿದ್ದೆ, ಎಲ್ಲವೂ ಎರಡೂವರೆ ಗಂಟೆಯ ಆಸುಪಾಸು. ಅದು ನನ್ನ ಮೊದಲ ಫುಲ್, 42.195 ಕಿಲೋಮೀಟರ್. ಐದು ತಿಂಗಳು ತಯಾರಿ ಮಾಡಿದ್ದೆ. ಕಾಲಿನ ಬಗ್ಗೆ, ಶೂ ಬಗ್ಗೆ, 30 ಕಿಲೋಮೀಟರ್ ಆದ ಮೇಲೆ ಶಕ್ತಿ ಪೂರ್ತಿ ಖಾಲಿಯಾಗುತ್ತದೆ ಅನ್ನುತ್ತಾರಲ್ಲ, ಅದರ ಬಗ್ಗೆ, ಎಲ್ಲದರ ಬಗ್ಗೆಯೂ ಓದಿದ್ದೆ. ನೀರಿನ ಬಗ್ಗೆ ಮಾತ್ರ ಏನೂ ಯೋಚಿಸಿರಲಿಲ್ಲ. ಜಾಸ್ತಿ ಕುಡಿದಷ್ಟೂ ಒಳ್ಳೆಯದು, ಇದರಲ್ಲಿ ತಿಳಿದುಕೊಳ್ಳೋದು ಏನಿದೆ ಅಂದುಕೊಂಡಿದ್ದೆ.

ರೇಸಿನ ದಿನ ಬೆಳಿಗ್ಗೆ ಎದ್ದ ತಕ್ಷಣ ತೂಕ ನೋಡಿದೆ, 58.4 ಕಿಲೋ. ಅದು ಸುಮ್ನೆ ರೂಢಿಯಿಂದ ನೋಡಿದ್ದು. ಆ ಒಂದು ಸಂಖ್ಯೆ ಮುಂದೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ. ಹೊರಡುವ ಮುಂಚೆ ಒಂದು ಲೀಟರ್ ನೀರು ಕುಡಿದೆ. ಮಂಡಿ ಒಂದು ವಾರದಿಂದ ಕಿರಿಕಿರಿ ಮಾಡುತ್ತಿತ್ತು, ಅದಕ್ಕೆ ಒಂದು ಐಬುಪ್ರೊಫೆನ್ ಮಾತ್ರೆ ನುಂಗಿದೆ, ಇನ್ನೊಂದನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡೆ. ಹವೆ ತಣ್ಣಗಿತ್ತು, ಮೋಡ ಇತ್ತು. ಓಡೋದಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗೋದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು.

ಹೆಚ್ಚುಕಡಿಮೆ ಎರಡು ಕಿಲೋಮೀಟರಿಗೆ ಒಂದು ಸ್ಟೇಷನ್. ಪ್ರತಿ ಕಡೆ ನಿಂತು ಒಂದು ಲೋಟ, ಕೆಲವು ಕಡೆ ಎರಡು. ನೀರು ಬೇಕು ಅನಿಸಿತ್ತಾ? ಇಲ್ಲ. ಆದರೆ ಬಾಯಾರಿಕೆ ಆಯಿತು ಅಂದರೆ ಆಗಲೇ ತಡವಾಯಿತು ಅಂತ ತಲೆಯಲ್ಲಿ ಕೂತಿತ್ತು. ಅದರ ಜೊತೆ ಕೈಯಲ್ಲಿ ಅರ್ಧ ಲೀಟರಿನ ಬಾಟಲಿ, ಅದನ್ನೂ ಮೂರು ಸಲ ಸ್ಪೋರ್ಟ್ಸ್ ಡ್ರಿಂಕ್ ತುಂಬಿಸಿಕೊಂಡು ಖಾಲಿ ಮಾಡಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ: ಓಟದಲ್ಲೇ ಐದೂವರೆ ಲೀಟರಿನ ಹತ್ತಿರ ಕುಡಿದಿದ್ದೆ. ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್. ಆ ತಂಪಿನಲ್ಲಿ, ನನ್ನ ನಿಧಾನದ ಓಟಕ್ಕೆ, ಅದರ ಅರ್ಧದಷ್ಟು ಬೆವರು ಹೋಗಿದ್ದರೆ ಜಾಸ್ತಿ.

25ನೇ ಕಿಲೋಮೀಟರ್ ಹೊತ್ತಿಗೆ ಹೊಟ್ಟೆಯೊಳಗೆ ನೀರು ಕುಲುಕುವುದು ನನಗೇ ಕೇಳಿಸುತ್ತಿತ್ತು. ಎರಡನೇ ಮಾತ್ರೆಯನ್ನೂ ಅಲ್ಲೇ ನುಂಗಿದೆ, ಇನ್ನೊಂದು ಲೋಟ ನೀರಿನ ಜೊತೆ. 30 ದಾಟಿದ ಮೇಲೆ ವಾಚಿನ ಪಟ್ಟಿ ಬಿಗಿಯಾಯಿತು, ಒಂದು ತೂತು ಸಡಿಲ ಮಾಡಿದೆ. ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಕೈ ಬೀಸಿಕೊಂಡು ಓಡಿದರೆ ಬೆರಳು ಊದುತ್ತದೆ ಅಂತ ಯಾರೋ ಹೇಳಿದ್ದರು, ಅದೇ ಇರಬೇಕು ಅಂದುಕೊಂಡೆ. ಇಷ್ಟೆಲ್ಲ ಕುಡಿದರೂ ಒಂದು ಸಲವೂ ಮೂತ್ರಕ್ಕೆ ಹೋಗಬೇಕು ಅನಿಸಲಿಲ್ಲ. ನಾನು ಪೂರ್ತಿ ದಾರಿ ತಪ್ಪಿದ್ದು ಇಲ್ಲೇ. ಮೂತ್ರ ಬರುತ್ತಿಲ್ಲ ಅಂದರೆ ಮೈಯಲ್ಲಿ ನೀರೇ ಇಲ್ಲ ಅಂತ ತಾನೇ ಅರ್ಥ, ಎಲ್ಲ ಬೆವರಾಗಿ ಹೋಗಿದೆ, ಇನ್ನೂ ಕುಡಿಯಬೇಕು ಅಂತ ತೀರ್ಮಾನ ಮಾಡಿ ಮುಂದಿನ ಸ್ಟೇಷನ್ನಿನಲ್ಲಿ ಎರಡು ಲೋಟ ಕುಡಿದೆ.

34ರಲ್ಲಿ ತಲೆನೋವು ಶುರುವಾಯಿತು. 37ರಲ್ಲಿ ವಾಕರಿಕೆ. ಕೊನೆಯ ಮೂರು ಕಿಲೋಮೀಟರ್ ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಒಂದು ಕಡೆ ರಸ್ತೆ ಬದಿಯಲ್ಲಿ ಕೂತಿದ್ದೆ. ಒಬ್ಬ ವಾಲಂಟಿಯರ್ ಹುಡುಗ ಓಡಿ ಬಂದು, ಪಾಪ, ನೀರಿನ ಬಾಟಲಿ ತುಟಿಗೆ ಹಿಡಿದ. ಅವನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಿದ್ದೇ ಅದು. ಸುಸ್ತಾಗಿ ಕೂತವರಿಗೆ ನೀರು ಕೊಡು ಅಂತ.

5 ಗಂಟೆ 48 ನಿಮಿಷಕ್ಕೆ ಮುಗಿಸಿದೆ. ಮೆಡಲ್ ಹಾಕಿದ್ದು ನೆನಪಿಲ್ಲ. ಗೆಳತಿ ಕಾಯುತ್ತಿದ್ದಳು, ಅವಳನ್ನು ಬೇರೆ ಯಾರದೋ ಹೆಸರಿಟ್ಟು ಕರೆದೆನಂತೆ. ಆಮೇಲೆ ಎರಡು ಸಲ ವಾಂತಿ, ಬರೀ ನೀರು. ಮೆಡಿಕಲ್ ಟೆಂಟಿನಲ್ಲಿ ಮಲಗಿಸಿ, ನಿರ್ಜಲೀಕರಣ ಅಂತ ಹೇಳಿ ಡ್ರಿಪ್ ಹಾಕುವ ತಯಾರಿ ನಡೆಸಿದ್ದರು. ಆಗ ನನ್ನ ಗೆಳತಿ ಒಂದು ಮಾತು ಹೇಳಿದಳು: ದಾರಿಯಲ್ಲಿ ನಾಲ್ಕು ಕಡೆ ನಿಂತು ನೋಡಿದ್ದೇನೆ, ನಾಲ್ಕೂ ಕಡೆ ಇವರು ಕುಡಿಯುತ್ತಲೇ ಇದ್ದರು, ನೀರಿಲ್ಲದೆ ಹೀಗಾಗೋಕೆ ಸಾಧ್ಯವೇ ಇಲ್ಲ. ಅಲ್ಲಿದ್ದ ಡಾಕ್ಟರುಗಳಲ್ಲಿ ಒಬ್ಬರು ಅದನ್ನು ಕಿವಿಗೆ ಹಾಕಿಕೊಂಡರು. ತೂಕದ ಯಂತ್ರದ ಮೇಲೆ ಇಬ್ಬರು ಹಿಡಿದು ನಿಲ್ಲಿಸಿದರು. 60.1 ಕಿಲೋ. ಆರು ಗಂಟೆ ಓಡಿದ ಮೇಲೆ ನನ್ನ ತೂಕ 1.7 ಕಿಲೋ ಜಾಸ್ತಿಯಾಗಿತ್ತು. ಡ್ರಿಪ್ ನಿಲ್ಲಿಸಿ ಆಂಬುಲೆನ್ಸಿಗೆ ಹಾಕಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ 121.

ಸೋಡಿಯಂ ಅಂದರೆ ಉಪ್ಪಿನ ಅಂಶ, ರಕ್ತದಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ನಿಜ. ಆದರೆ ನನಗೆ ಆಗಿದ್ದಕ್ಕೆ ಮುಖ್ಯ ಕಾರಣ ಅದಲ್ಲ. ರಕ್ತದಲ್ಲಿದ್ದ ಉಪ್ಪನ್ನು ಅಷ್ಟು ನೀರು ಸೇರಿ ತೆಳುವು ಮಾಡಿಬಿಟ್ಟಿತ್ತು. ಹಾಗಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ, ಅವು ಊದುತ್ತವೆ. ಬೆರಳು ಊದಿದರೆ ಉಂಗುರ ಬಿಗಿಯಾಗುತ್ತದೆ, ಅಷ್ಟೇ. ಮೆದುಳು ಊದಿದರೆ ತಲೆಬುರುಡೆ ಎಲ್ಲಿ ಜಾಗ ಕೊಡುತ್ತದೆ? ತಲೆನೋವು, ವಾಂತಿ, ಮಂಕು, ಆಮೇಲೆ ಫಿಟ್ಸ್, ಕೋಮಾ, ಸಾವು. ಇದಕ್ಕೆ ಹೈಪೊನಟ್ರೀಮಿಯಾ ಅಂತ ಹೆಸರು.

ಮೂತ್ರ ಯಾಕೆ ಬರಲಿಲ್ಲ ಅನ್ನೋದೂ ಆಸ್ಪತ್ರೆಯಲ್ಲೇ ಗೊತ್ತಾಯಿತು. ಗಂಟೆಗಟ್ಟಲೆ ಓಡುವಾಗ, ವಾಕರಿಕೆ ನೋವು ಎಲ್ಲ ಇದ್ದಾಗ, ನೀರನ್ನು ಹಿಡಿದಿಟ್ಟುಕೋ ಅಂತ ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನು ಜಾಸ್ತಿಯಾಗುತ್ತದೆ. ಹೊರಗೆ ಹೋಗುವ ಬಾಗಿಲು ಮುಚ್ಚಿದೆ, ನಾವು ಮೇಲಿಂದ ಸುರಿಯುತ್ತಲೇ ಇದ್ದೇವೆ. ನಾನು ನೀರಿಲ್ಲದ ಲಕ್ಷಣ ಅಂತ ತಿಳಿದಿದ್ದು ನೀರು ಒಳಗೇ ಸಿಕ್ಕಿಕೊಂಡಿದ್ದರ ಲಕ್ಷಣ ಆಗಿತ್ತು. ಐಬುಪ್ರೊಫೆನ್ ಆ ಹಾರ್ಮೋನಿನ ಕೆಲಸಕ್ಕೆ ಇನ್ನಷ್ಟು ಬಲ ಕೊಡಬಹುದು ಅಂತ ಡಾಕ್ಟರ್ ಹೇಳಿದರು. ನನ್ನ ವಿಷಯದಲ್ಲಿ ಅದರ ಪಾಲು ಎಷ್ಟು ಅಂತ ಹೇಳೋಕೆ ಅವರಿಗೂ ಆಗಲಿಲ್ಲ. ಆದರೆ ಬೇರೆ ಕಾರಣಕ್ಕೂ ಓಟದ ದಿನ ಅದನ್ನು ಮುಟ್ಟಬೇಡಿ. ಮ್ಯಾರಥಾನಿಗಿಂತಲೂ ಉದ್ದ ಓಡುವ ಅಲ್ಟ್ರಾ ಓಟಗಾರರ ಮೇಲೆ ಮಾಡಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 80 ಕಿಲೋಮೀಟರ್ ಓಟದ ನಡುವೆ ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ 52 ಶೇಕಡಾ ಜನರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 34. ಮಾತ್ರೆ ಇಲ್ಲದೆಯೇ ಅಷ್ಟು ಒತ್ತಡ ಬೀಳುವ ಅಂಗಕ್ಕೆ ನಾವೇ ಇನ್ನೊಂದು ಏಟು ಯಾಕೆ ಕೊಡಬೇಕು? ಮಾತ್ರೆ ನುಂಗದೆ ಓಡೋಕೆ ಆಗದಷ್ಟು ಮಂಡಿ ನೋಯುತ್ತಿದ್ದರೆ ಆ ದಿನ ಓಡಬೇಡಿ.

ಇದು ನನಗೆ ಮಾತ್ರ ಆದ ಅಪರೂಪದ ಕಥೆ ಅಂತ ಅಂದುಕೊಳ್ಳಬೇಡಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ ಇತ್ತು. ಮೂವರಲ್ಲಿ 120 ಅಥವಾ ಅದಕ್ಕಿಂತ ಕೆಳಗೆ, ಅಂದರೆ ಜೀವಕ್ಕೇ ಅಪಾಯ. ಅದೇ ರೇಸಿನಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದರಿಂದಲೇ ತೀರಿಕೊಂಡರು. ಆ ಅಧ್ಯಯನ 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಯಾರಿಗೆ ಹೀಗಾಯಿತು ಅಂತ ನೋಡಿದರೆ, ಓಡುವಾಗ ತೂಕ ಹೆಚ್ಚಿಸಿಕೊಂಡವರು, ನಾಲ್ಕು ಗಂಟೆಗಿಂತ ಜಾಸ್ತಿ ಓಡಿದವರು, ತುಂಬಾ ತೆಳ್ಳಗಿರುವವರು ಅಥವಾ ತುಂಬಾ ದಪ್ಪಗಿರುವವರು. ಮುಂದೆ ಓಡುವ ಚುರುಕಿನವರಿಗೆ ಕುಡಿಯೋಕೆ ಪುರುಸೊತ್ತೇ ಇರುವುದಿಲ್ಲ. ಹಿಂದೆ ಬರುವ ನಮ್ಮಂಥವರಿಗೆ ಆರು ಗಂಟೆ ಟೈಮಿದೆ, ಇಪ್ಪತ್ತು ಸ್ಟೇಷನ್ ಇದೆ, ಬೆವರು ಕಡಿಮೆ. ನಾಲ್ಕು ಹಾಫ್‌ಗಳಲ್ಲೂ ನಾನು ಹೀಗೇ ಕುಡಿದಿದ್ದೆ, ಏನೂ ಆಗಿರಲಿಲ್ಲ. ಎರಡೂವರೆ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು, ಅದಕ್ಕೆ ಬಚಾವಾಗಿದ್ದೆ ಅಷ್ಟೇ. ನಿಮಗೂ ಹಾಫ್‌ನಲ್ಲಿ ಏನೂ ಆಗಿಲ್ಲ ಅಂದರೆ ಅದನ್ನು ನೆಚ್ಚಿಕೊಂಡು ಫುಲ್‌ಗೆ ಹೋಗಬೇಡಿ.

ಆ ಕೈಪಿಡಿಯ ಸಾಲು ಎಲ್ಲಿಂದ ಬಂತು ಅಂತಲೂ ಹುಡುಕಿದೆ. 1996ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್, ಬೆವರಿನಲ್ಲಿ ಹೋದಷ್ಟನ್ನೂ ತುಂಬಿಸಿಕೊಳ್ಳಿ ಇಲ್ಲವೇ ಹೊಟ್ಟೆ ತಡೆಯುವಷ್ಟು ಕುಡಿಯಿರಿ ಅಂತ ಸಲಹೆ ಕೊಟ್ಟಿತ್ತು. 2007ರಲ್ಲಿ ಅವರೇ ಅದನ್ನು ಬದಲಿಸಿ, ಅತಿಯಾಗಿ ಕುಡಿಯಬೇಡಿ ಅಂತ ಎಚ್ಚರಿಸಿದರು. 2015ರಲ್ಲಿ ಈ ಕಾಯಿಲೆಯ ಬಗ್ಗೆಯೇ ಸೇರಿದ್ದ ತಜ್ಞರು ಇನ್ನೂ ಸರಳವಾಗಿ ಹೇಳಿದರು: ಬಾಯಾರಿದಾಗ ಕುಡಿಯಿರಿ. ಅಷ್ಟಾದರೂ ಹಳೆಯ ಸಾಲು ಒಂದು ಕೈಪಿಡಿಯಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇದೆ. ನಾನು ಆಯೋಜಕರಿಗೆ ಎರಡು ಸಲ ಬರೆದೆ, ಆಸ್ಪತ್ರೆಯ ವರದಿಯನ್ನೂ ಕಳಿಸಿದೆ. ಉತ್ತರ ಬರಲಿಲ್ಲ. ಇದು ನನಗೆ ಈಗಲೂ ನೋವು ಕೊಡುತ್ತದೆ. ಒಂದು ಸಾಲು ತೆಗೆಯೋದು ಅಷ್ಟು ಕಷ್ಟವೇ?

ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಸಾಕು, ಅದರಲ್ಲಿ ಉಪ್ಪಿದೆಯಲ್ವಾ ಅಂತ ತುಂಬಾ ಜನ ನನ್ನನ್ನು ಕೇಳಿದ್ದಾರೆ. ಇದೆ, ಆದರೆ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಕಡಿಮೆ. ಅದನ್ನು ಅತಿಯಾಗಿ ಕುಡಿದರೂ ರಕ್ತ ತೆಳುವಾಗುತ್ತದೆ. ಉಪ್ಪಿನ ಮಾತ್ರೆ ನುಂಗಿ ಲೀಟರ್‌ಗಟ್ಟಲೆ ಕುಡಿದರೂ ಅಷ್ಟೇ.

ಹಾಗಂತ ನೀರೇ ಬೇಡ ಅಂತ ದಯವಿಟ್ಟು ಓದಿಕೊಳ್ಳಬೇಡಿ. ಬಿಸಿಲಿನಲ್ಲಿ ನೀರಿಲ್ಲದೆ ಓಡೋದೂ ಅಪಾಯವೇ. ಬಾಯಾರಿತಾ, ಕುಡಿಯಿರಿ. ಇಲ್ಲವಾ, ಸ್ಟೇಷನ್ ದಾಟಿಕೊಂಡು ಹೋಗಿ. ನಾನು ಈಗ ತಯಾರಿಯ ದಿನಗಳಲ್ಲೇ ಒಂದು ಗಂಟೆ ಓಡುವ ಮುಂಚೆ ಮತ್ತು ಆದ ಮೇಲೆ, ಬೆವರು ಒರೆಸಿಕೊಂಡು, ಬಟ್ಟೆಯಿಲ್ಲದೆ ತೂಕ ನೋಡುತ್ತೇನೆ. ನಡುವೆ ಏನೂ ಕುಡಿಯದೆ ಅರ್ಧ ಕಿಲೋ ಇಳಿದಿದ್ದರೆ ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಅಂತ ಲೆಕ್ಕ. ಅದಕ್ಕಿಂತ ಜಾಸ್ತಿ ಯಾವತ್ತೂ ಕುಡಿಯುವುದಿಲ್ಲ. ಲಾಂಗ್ ರನ್ ಮುಗಿದಾಗ ತೂಕ ಸ್ವಲ್ಪ ಇಳಿದಿರಲೇಬೇಕು. ಏರಿದ್ದರೆ ಕುಡಿದದ್ದು ಜಾಸ್ತಿಯಾಗಿದೆ.

ಫಿನಿಶ್ ಲೈನಿನಲ್ಲಿ ಕಾಯುವವರಿಗೆ ಒಂದು ಮಾತು. ನಿಮ್ಮವರು ತಲೆನೋವು ಅನ್ನುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ, ಮಾತು ತಪ್ಪುತ್ತಿದ್ದರೆ, ಅದಕ್ಕೆ ಬಿಸಿಲಿನ ಹೊಡೆತವೂ ಕಾರಣ ಇರಬಹುದು, ಇದೂ ಇರಬಹುದು. ನೋಡಿದರೆ ಗೊತ್ತಾಗುವುದಿಲ್ಲ. ನೀರು ಕುಡಿಸುತ್ತಾ ಕೂರಬೇಡಿ, ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಷ್ಟು ಕುಡಿದಿದ್ದರು ಅಂತ ಡಾಕ್ಟರು ಕೇಳುವ ಮೊದಲೇ ಹೇಳಿ. ಡ್ರಿಪ್ ಹಾಕುವ ಮುಂಚೆ ಸೋಡಿಯಂ ನೋಡಿದಿರಾ ಅಂತ ಕೇಳಿ, ಸಂಕೋಚ ಬೇಡ. ಸಾಮಾನ್ಯ ಸಲೈನ್ ಈ ಸ್ಥಿತಿಯನ್ನು ಇನ್ನೂ ಕೆಡಿಸಬಹುದು. ಮೆದುಳಿಗೆ ಏಟು ಬೀಳುವ ಲಕ್ಷಣ ಇದ್ದರೆ ಇದಕ್ಕೆ ಕೊಡುವುದು ಗಟ್ಟಿ ಉಪ್ಪಿನ ದ್ರಾವಣ, 3 ಶೇಕಡಾದ್ದು, ಸ್ವಲ್ಪ ಸ್ವಲ್ಪವೇ. ನನಗೂ ಅದನ್ನೇ ಕೊಟ್ಟರು. ಒಂದು ಗಂಟೆಯೊಳಗೆ ಗೆಳತಿಯ ಹೆಸರು ಸರಿಯಾಗಿ ಹೇಳಿದೆನಂತೆ. ಮಾರನೇ ದಿನ ಸಂಜೆ ಮನೆಗೆ ಕಳಿಸಿದರು.

ಅದಾದ ಮೇಲೆ ಎರಡು ಫುಲ್ ಓಡಿದ್ದೇನೆ. ಪ್ರತಿ ಸಲವೂ ಬಿಬ್ಬಿನ, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯ, ಹಿಂದೆ ಅಳಿಸದ ಪೆನ್ನಿನಲ್ಲಿ ಮೂರು ಸಾಲು ಬರೆಯುತ್ತೇನೆ: ಬೆಳಗಿನ ತೂಕ, ಗೆಳತಿಯ ಫೋನ್ ನಂಬರ್, ಮತ್ತೆ 'ಹಿಂದೆ ಸೋಡಿಯಂ 121ಕ್ಕೆ ಇಳಿದಿತ್ತು, ಪರೀಕ್ಷೆ ಮಾಡದೆ ಡ್ರಿಪ್ ಹಾಕಬೇಡಿ'. ನಿಮಗೆ ಮೂರನೇ ಸಾಲು ಬೇಕಾಗುವುದು ಬೇಡ. ಮೊದಲಿನ ಎರಡನ್ನು ಬರೆದುಕೊಂಡು ಹೋಗಿ.