ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಸುವವರು ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ

ಮಲ್ಪೆ, ಕಾಪು ಕಡೆ ಹೋಮ್‌ಸ್ಟೇ ನಡೆಸುವವರಿಗೆ ಇಂಥ ಫೋನ್ ಬರುತ್ತಲೇ ಇರುತ್ತದೆ: "ಮೇಡಂ, ಒಳ್ಳೇ ವೆಬ್‌ಸೈಟ್ ಮಾಡಿಕೊಡ್ತೇವೆ, ಡೊಮೇನ್ ಫ್ರೀ." ಡೊಮೇನ್ ಅಂದರೆ ಸೈಟಿನ ವಿಳಾಸ. ನಾವು ಮಲ್ಪೆಯಲ್ಲಿ ಹೀಗೆಯೇ ಒಂದು ಕಂಪನಿಯಿಂದ ಮಾಡಿಸಿದೆವು. ಹೆಸರು ಬೇಡ. ಏನಾಯಿತು ಅಂತ ಮಾತ್ರ ಹೇಳುತ್ತೇನೆ.

ಅವರ ಆಫೀಸಿನ ದೊಡ್ಡ ಮಾನಿಟರ್‌ನಲ್ಲಿ ಸೈಟ್ ಚಂದವೇ ಇತ್ತು. ತೆರೆದ ಕೂಡಲೇ ಸೇಂಟ್ ಮೇರೀಸ್ ದ್ವೀಪದ ಡ್ರೋನ್ ವಿಡಿಯೊ, ಅಲೆ, ಸಂಗೀತ. ಆದರೆ ನಮ್ಮ ಗಿರಾಕಿಗಳು ಮಾನಿಟರ್ ಮುಂದೆ ಕೂತಿರುವುದಿಲ್ಲ. ಬೆಂಗಳೂರಿನಿಂದ ಹೊರಟು, ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಆಗುವಾಗ ಫೋನಿನಲ್ಲಿ ಹುಡುಕುವವರೇ ಜಾಸ್ತಿ. ಅವರಿಗೆ ಬೇಕಾದದ್ದು ರೂಮಿನ ರೇಟು, ಊಟ ಉಂಟಾ, ಕಾರು ನಿಲ್ಲಿಸಲು ಜಾಗ ಉಂಟಾ, ಉಡುಪಿಯ ಇಂದ್ರಾಳಿ ರೈಲ್ವೆ ಸ್ಟೇಷನ್‌ನಿಂದ ಎಷ್ಟು ದೂರ. ಕಾಣುತ್ತಿದ್ದದ್ದು ಬಿಳಿ ಪರದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುತ್ತದೆ ಗೂಗಲ್. ಅದರ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಹಾಕಿದರೆ ವೇಗ ಎಷ್ಟಿದೆ ಅಂತ ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಮ್ಮದಕ್ಕೆ ಬಂದದ್ದು ಕೆಂಪು ಅಂಕ, ಅಂದರೆ ತೀರಾ ನಿಧಾನ.

ರೇಟು ಮತ್ತು ಫೋನ್ ನಂಬರ್ ಎರಡನ್ನೂ ಚಿತ್ರದೊಳಗೆ ಕೂರಿಸಿದ್ದರು. ಒತ್ತಿದರೆ ಕಾಲ್ ಹೋಗುವುದಿಲ್ಲ, ಕಾಪಿ ಮಾಡಲೂ ಆಗುವುದಿಲ್ಲ. ಕನ್ನಡ ಪುಟವನ್ನು ಯೂನಿಕೋಡ್ (ಈಗಿನ ಫೋನುಗಳೆಲ್ಲ ಓದುವ ಅಕ್ಷರ ವ್ಯವಸ್ಥೆ) ಅಲ್ಲದ ಹಳೇ ಫಾಂಟಿನಿಂದ ತಂದು ಅಂಟಿಸಿದ್ದರಿಂದ ಫೋನಿನಲ್ಲಿ ಬರೀ ಗೀಚು ಗೀಚು. "ಕನ್ನಡ ಯಾರು ಓದ್ತಾರೆ ಮೇಡಂ" ಅಂದರು. ಉಡುಪಿಯಲ್ಲಿ ಕೂತು ಹೇಳುವ ಮಾತಾ ಇದು!

ಇನ್ನು ಬುಕಿಂಗ್ ಫಾರ್ಮ್. ಸೀಸನ್ ಅರ್ಧ ಮುಗಿದರೂ ಅದರಿಂದ ಒಂದು ಮೇಲ್ ಬರಲಿಲ್ಲ. "ಎರಡು ಸಲ ಬರೆದೆ, ಉತ್ತರವೇ ಇಲ್ಲ" ಅಂತ ಒಬ್ಬರು ಗೂಗಲ್ ಮ್ಯಾಪಿನಲ್ಲಿ ಒಂದು ಸ್ಟಾರ್ ಕೊಟ್ಟ ಮೇಲೆ ವಿಷಯ ಗೊತ್ತಾಯಿತು. ಎಲ್ಲ ಮೇಲ್‌ಗಳೂ ಕಂಪನಿಯವರು ಪರೀಕ್ಷೆಗೆ ಇಟ್ಟುಕೊಂಡಿದ್ದ ಇಮೇಲಿಗೆ ಹೋಗುತ್ತಿದ್ದವು. ಅದನ್ನು ಅಲ್ಲಿ ತೆರೆದು ನೋಡುವವರೂ ಇರಲಿಲ್ಲ.

ಮಳೆಗಾಲದ ಕಥೆ ಇನ್ನೂ ಕೆಟ್ಟದು. ಮಳೆ ಶುರುವಾದರೆ ಸೇಂಟ್ ಮೇರೀಸ್‌ಗೆ ದೋಣಿ ಹೋಗುವುದಿಲ್ಲ, ಇಲ್ಲಿಯವರಿಗೆಲ್ಲ ಗೊತ್ತು. ನಮ್ಮ ಸೈಟಿನಲ್ಲಿ ಮಾತ್ರ ಜುಲೈನಲ್ಲೂ "ದ್ವೀಪಕ್ಕೆ ದೋಣಿ ವಿಹಾರ" ಅಂತ ದೊಡ್ಡದಾಗಿ ಇತ್ತು. ಒಂದು ಸಾಲು ತೆಗೆಯಲು ನಮಗೆ ಲಾಗಿನ್ ಕೊಟ್ಟಿರಲಿಲ್ಲ. ಅವರಿಗೆ ಹೇಳಿದರೆ ಪ್ರತಿ ತಿದ್ದುಪಡಿಗೂ ಬೇರೆ ಚಾರ್ಜು, ಅದೂ "ನಾಳೆ ಮಾಡ್ತೇವೆ". ಮಕ್ಕಳನ್ನು ಕರೆದುಕೊಂಡು ಬಂದ ಒಂದು ಕುಟುಂಬ ಅಂಗಳದಲ್ಲೇ ಜಗಳಕ್ಕೆ ನಿಂತಿತು. ಅವರದ್ದು ತಪ್ಪು ಅನ್ನಲಿಕ್ಕಾಗುತ್ತದಾ? ಒಂದು ದಿನದ ಬಾಡಿಗೆ ವಾಪಸ್ ಕೊಟ್ಟೆವು.

ಬೇರೆಯವರ ಹತ್ತಿರ ಸರಿ ಮಾಡಿಸೋಣ ಅಂತ ಹೊರಟಾಗ ಆ "ಫ್ರೀ ಡೊಮೇನ್" ಅಂದರೆ ಏನು ಅಂತ ತಿಳಿಯಿತು. ನಮ್ಮ ಮನೆಯ ಹೆಸರಿನ ವಿಳಾಸವನ್ನು ಕಂಪನಿಯ ಹೆಸರಿನಲ್ಲಿ ನೋಂದಾಯಿಸಿದ್ದರು. ಡೊಮೇನ್ ಬೇರೆ ಕಡೆ ವರ್ಗಾಯಿಸಲು ಆಥ್ ಕೋಡ್ ಅನ್ನುವ ಗುಪ್ತ ಸಂಕೇತ ಬೇಕು. ಅದನ್ನು ಕೊಡಲು ಹದಿನೈದು ಸಾವಿರ ಕೇಳಿದರು. ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿಯಲ್ಲಿ ತಕರಾರು ಹೂಡುವ ದಾರಿ ಏನೋ ಇದೆ. ಆದರೆ ಅದಕ್ಕೂ ಶುಲ್ಕ ಕಟ್ಟಬೇಕು, ಆ ಹೆಸರಿನ ಮೇಲೆ ನಮಗೆ ಹಕ್ಕಿದೆ ಅಂತ ದಾಖಲೆ ತೋರಿಸಬೇಕು. ನಾವು ಅದರ ಗೋಜಿಗೆ ಹೋಗದೆ ಬೇರೆ ವಿಳಾಸ ಕೊಂಡೆವು. ಹಳೇದು ಈಗಲೂ ಅವರ ಕೈಯಲ್ಲೇ ಇದೆ.

ಡೊಮೇನನ್ನು ನೀವೇ, ನಿಮ್ಮದೇ ಇಮೇಲಿನಿಂದ ಕೊಳ್ಳಿ. ನವೀಕರಣದ ಸೂಚನೆ ನಿಮಗೇ ಬರಬೇಕು. ಲಾಗಿನ್ ಕೈಗೆ ಬರುವ ತನಕ ಕೊನೆಯ ಕಂತು ಕೊಡಬೇಡಿ. ಡೆಮೊ ತೋರಿಸುವಾಗ ವೈಫೈ ಆಫ್ ಮಾಡಿ, ಮನೆಯ ಹಳೇ ಫೋನಿನಲ್ಲಿ ತೆರೆಯಿರಿ. ನಂಬರ್ ಒತ್ತಿ ನೋಡಿ, ಫಾರ್ಮ್ ತುಂಬಿ ಕಳಿಸಿ, ಮೇಲ್ ನಿಮಗೆ ಬಂತಾ ನೋಡಿ. ಒಂದು ಸಾಲನ್ನು ಅವರ ಎದುರೇ ನೀವು ಬದಲಿಸಿ. "ಇದೆಲ್ಲ ಆಮೇಲೆ ಮಾಡುವ ಮೇಡಂ" ಅಂದರೆ ಚೆಕ್ ಬರೆಯುವುದನ್ನೂ ಆಮೇಲೆ ಇಟ್ಟುಕೊಳ್ಳಿ.