4 ಜಿಬಿ ಲ್ಯಾಪ್‌ಟಾಪ್‌ಗೆ ಯಾವ ಸ್ವಾಪ್? ನನ್ನ ಓಟು ಝಡ್‌ಸ್ವಾಪ್‌ಗೆ

ಮೊದಲೇ ಹೇಳಿಬಿಡುತ್ತೇನೆ. ರ‍್ಯಾಮ್ ತುಂಬಿದಾಗ ಸದ್ಯಕ್ಕೆ ಬೇಡದ್ದನ್ನು ತೆಗೆದಿಡುವ ಜಾಗವೇ ಸ್ವಾಪ್, ಸಾಮಾನ್ಯವಾಗಿ ಅದು ಡಿಸ್ಕ್‌ನಲ್ಲಿರುತ್ತದೆ. ರ‍್ಯಾಮ್ ಕಡಿಮೆ ಇರುವ, ಹಳೆ ಹಾರ್ಡ್‌ಡಿಸ್ಕ್ ಇರುವ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಝಡ್‌ಸ್ವಾಪ್ (zswap, ಲಿನಕ್ಸ್‌ನಲ್ಲೇ ಇರುವ ಸೌಲಭ್ಯ) ಸಾಕು. ಇಷ್ಟು ಗೊತ್ತಾಗುವ ಹೊತ್ತಿಗೆ ನನ್ನ 900 ರೂಪಾಯಿ ಹೋಗಿತ್ತು. ಮೂರು ಭಾನುವಾರವೂ ಹೋಗಿತ್ತು.

ತುಮಕೂರಿನ ನಮ್ಮ ಮನೆಯಲ್ಲಿ 2014ರ ಸುಮಾರಿನ ಒಂದು ಲ್ಯಾಪ್‌ಟಾಪ್ ಇದೆ. ಐ3, ನಾಲ್ಕನೇ ತಲೆಮಾರು. 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತಿನ ಹಾರ್ಡ್‌ಡಿಸ್ಕ್, ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ). ಬ್ಯಾಟರಿ ಹತ್ತು ನಿಮಿಷ ನಿಂತರೆ ಹೆಚ್ಚು. ನಮ್ಮಲ್ಲಿಗೆ ಬಂದು ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ಅದನ್ನು ಬಳಸುತ್ತಾಳೆ. ಸಂಜೆ ನಾನು ಬಳಸುತ್ತೇನೆ. ಇಬ್ಬರಿಗೂ ಟ್ಯಾಬ್ ಮುಚ್ಚುವ ಅಭ್ಯಾಸ ಇಲ್ಲ. ಹಾಗಾಗಿ ದಿನಕ್ಕೆ ಮೂರು ಸಲ "ಮಾಮ, ಮತ್ತೆ ನಿಂತೋಯ್ತು" ಅನ್ನುವ ಕೂಗು ಕೇಳುತ್ತಿತ್ತು.

ಸುಲಭದ ದಾರಿ ಇನ್ನೊಂದು 4 ಜಿಬಿ ರ‍್ಯಾಮ್ ಹಾಕುವುದು, ಅಲ್ವಾ? ಒಂದು ಸ್ಲಾಟ್ ಖಾಲಿ ಇತ್ತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಟಿಕ್ ತಗೊಂಡೆ. "ಡಿಡಿಆರ್3 ಎಲ್ಲಾ ಒಂದೇ ಸರ್, ಹಾಕ್ಕೊಳಿ" ಅಂದರು. ಒಂದೇ ಅಲ್ಲ. ನನ್ನ ಯಂತ್ರಕ್ಕೆ ಬೇಕಿದ್ದು 1.35 ವೋಲ್ಟ್‌ನ ಡಿಡಿಆರ್3ಎಲ್. ಅವರು ಕೊಟ್ಟಿದ್ದು 1.5 ವೋಲ್ಟ್‌ನದು. ಎರಡಕ್ಕೂ 204 ಪಿನ್, ಕಚ್ಚು ಕೂಡ ಒಂದೇ ಜಾಗದಲ್ಲಿ. ಟಕ್ ಅಂತ ಕೂತಿತು. ಪವರ್ ಒತ್ತಿದರೆ ಸ್ಕ್ರೀನ್ ಕಪ್ಪು. ಫೋನ್ ಮಾಡಿದರೆ ವಾಪಸ್ ತಗೊಳ್ಳಲ್ಲ ಅಂದರು. ರ‍್ಯಾಮ್ ಖರೀದಿ ಅಲ್ಲಿಗೆ ಮುಗಿಯಿತು.

ಇನ್ನು ಉಳಿದಿದ್ದು ಸಾಫ್ಟ್‌ವೇರ್ ದಾರಿ. ದಡ್ಡತನದಿಂದಲೇ ಶುರು ಮಾಡಿದೆ. ಡಿಸ್ಕ್ ಸ್ವಾಪ್‌ನಿಂದ ತಾನೇ ನಿಧಾನ ಆಗ್ತಿರೋದು ಅಂದುಕೊಂಡು ಸ್ವಾಪನ್ನೇ ಆಫ್ ಮಾಡಿದೆ. ಲ್ಯಾಪ್‌ಟಾಪ್ ಮೊದಲಿಗಿಂತ ಕೆಟ್ಟದಾಗಿ ನಿಂತಿತು. ಡಿಸ್ಕ್ ಲೈಟ್ ಮಾತ್ರ ಮಿಣುಕುತ್ತಲೇ ಇತ್ತು. ಸ್ವಾಪ್ ಇಲ್ಲದಿದ್ದರೆ ಡಿಸ್ಕ್‌ಗೆ ಏನು ಕೆಲಸ?

ಇಲ್ಲಿ ಪೇಜ್ ಟೇಬಲ್ ವಿಷಯ ಸ್ವಲ್ಪ ಹೇಳಬೇಕು. ಇದು ಗೊತ್ತಿಲ್ಲದಿದ್ದರೆ ಮುಂದಿನ ಹೋಲಿಕೆಗೆ ಅರ್ಥ ಇಲ್ಲ. ಬ್ರೌಸರ್ ಕೇಳುವ ವಿಳಾಸ ನಿಜವಾದ ರ‍್ಯಾಮ್‌ನ ವಿಳಾಸ ಅಲ್ಲ. ಮೆಮೊರಿಯನ್ನು 4096 ಬೈಟ್‌ನ ಪೇಜ್‌ಗಳಾಗಿ ತುಂಡು ಮಾಡಿರುತ್ತಾರೆ. 4 ಜಿಬಿ ಅಂದರೆ 10,48,576 ಪೇಜ್. ಯಾವ ಪೇಜ್ ಎಲ್ಲಿದೆ ಎಂದು ಬರೆದಿಡುವ ಪುಸ್ತಕವೇ ಪೇಜ್ ಟೇಬಲ್. ನಮ್ಮ ಯಂತ್ರದಲ್ಲಿ ಒಂದು ವಿಳಾಸಕ್ಕೆ 48 ಬಿಟ್. ಎಲ್ಲಾ ಪೇಜ್‌ಗೂ ಒಂದೇ ಉದ್ದನೆಯ ಪಟ್ಟಿ ಮಾಡಿದ್ದರೆ ಒಂದೊಂದು ಪ್ರೋಗ್ರಾಮಿಗೂ 512 ಜಿಬಿಯ ಪಟ್ಟಿ ಬೇಕಾಗುತ್ತಿತ್ತು! ಅದಕ್ಕೇ ನಾಲ್ಕು ಹಂತ. ಪಹಣಿ ತೆಗೆಸುವಾಗ ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಅಂತ ಇಳಿಯುತ್ತೀವಲ್ಲ, ಹಾಗೆ. ಒಂದೊಂದು ಹಂತಕ್ಕೆ 9 ಬಿಟ್, 512 ನಮೂದು. ಕೊನೆಯ 12 ಬಿಟ್ ಆ ಪೇಜ್ ಒಳಗಿನ ಜಾಗ. ಯಾರೂ ವಾಸವಿಲ್ಲದ ಹೋಬಳಿಗೆ ಪುಸ್ತಕವನ್ನೇ ಮಾಡುವುದಿಲ್ಲ, ಉಳಿತಾಯ ಆಗುವುದೇ ಅಲ್ಲಿ.

ಪ್ರತಿ ನಮೂದಿನಲ್ಲಿ 'ಇದೆ' ಎನ್ನುವ ಒಂದು ಬಿಟ್ ಇರುತ್ತದೆ. ಅದು 0 ಆಗಿದ್ದರೆ ಪ್ರೊಸೆಸರ್ ಕೈ ಎತ್ತಿ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕರೆಯುತ್ತದೆ. ಇದೇ ಪೇಜ್ ಫಾಲ್ಟ್. ನಮೂದಿನ ಉಳಿದ ಬಿಟ್‌ಗಳಲ್ಲಿ ಕರ್ನಲ್ ತನಗೆ ಬೇಕಾದ ಚೀಟಿ ಬರೆದುಕೊಂಡಿರುತ್ತದೆ: ಈ ಪೇಜ್ ಇಂಥ ಸ್ವಾಪ್‌ನ ಇಂಥ ಜಾಗದಲ್ಲಿದೆ ಅಂತ. (ಪ್ರೊಸೆಸರ್ ಆ ಚೀಟಿ ಓದುವುದಿಲ್ಲ ಅಂತಲೇ ಎಲ್ಲರೂ ನಂಬಿದ್ದರು. ಇಂಟೆಲ್ ಚಿಪ್‌ಗಳು ಊಹೆಯ ಮೇಲೆ ಇಣುಕಿ ನೋಡುತ್ತವೆ ಅಂತ 2018ರಲ್ಲಿ ಬಯಲಾಯಿತು. ಆಮೇಲೆ ಲಿನಕ್ಸ್ ಚೀಟಿಯ ಬಿಟ್‌ಗಳನ್ನೇ ತಿರುಗುಮುರುಗು ಮಾಡಿ ಬರೆಯತೊಡಗಿತು.) 'ಮುಟ್ಟಿದ್ದಾರೆ' ಅನ್ನುವುದಕ್ಕೂ ಒಂದು ಬಿಟ್ ಇದೆ. ಪ್ರೊಸೆಸರ್ ಅದನ್ನು 1 ಮಾಡುತ್ತದೆ, ಕರ್ನಲ್ ಆಗಾಗ ಅಳಿಸಿ ಮತ್ತೆ ನೋಡುತ್ತದೆ. ತುಂಬಾ ಹೊತ್ತು 0 ಆಗಿಯೇ ಇರುವ ಪೇಜ್ ಹೊರಗೆ ಹೋಗುವ ಸಾಲಿಗೆ ಸೇರುತ್ತದೆ.

ಸ್ವಾಪ್ ಆಫ್ ಮಾಡಿದಾಗ ಆಗಿದ್ದು ಇದು. ಬ್ರೌಸರ್‌ನ ಸ್ವಂತ ಡೇಟಾ ಹೊರಗೆ ಹೋಗಲು ಜಾಗವಿಲ್ಲ. ಆದರೆ ಪ್ರೋಗ್ರಾಮಿನ ಕೋಡ್ ಹೇಗಿದ್ದರೂ ಡಿಸ್ಕ್‌ನಲ್ಲಿ ಫೈಲ್ ಆಗಿ ಇದೆಯಲ್ಲ? ಕರ್ನಲ್ ಅದನ್ನೇ ಎಸೆದು, ಮರುಕ್ಷಣ ಬೇಕಾದಾಗ ಡಿಸ್ಕ್‌ನಿಂದ ಮತ್ತೆ ಓದುತ್ತಿತ್ತು. ಎಸೆ, ಓದು, ಎಸೆ, ಓದು. ಕೊನೆಗೆ ಮೆಮೊರಿ ಪೂರ್ತಿ ಮುಗಿದು ಕರ್ನಲ್ ಬ್ರೌಸರನ್ನೇ ಕೊಂದಿತು. ಅಕ್ಕನ ಮಗಳ ಅಸೈನ್‌ಮೆಂಟ್ ಅದರಲ್ಲೇ ಇತ್ತು. ಆ ಸಂಜೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಬರೀ ಡಿಸ್ಕ್ ಸ್ವಾಪ್: ಹಾರ್ಡ್‌ಡಿಸ್ಕ್ ಒಳಗಿನ ತಟ್ಟೆ ಒಂದು ಸುತ್ತು ಬರಲು 11 ಮಿಲಿಸೆಕೆಂಡ್. ಸಾವಿರ ಪೇಜ್ ಅಲ್ಲಲ್ಲಿ ಚದುರಿದ್ದರೆ ನೀವು ಕಾಫಿ ಕುಡಿದು ಬರಬಹುದು.

ಮುಂದಿನದು ಝಡ್‌ರ‍್ಯಾಮ್. 2014ರಿಂದ ಮುಖ್ಯ ಕರ್ನಲ್‌ನಲ್ಲಿದೆ, ಇನ್ನೊಂದು ಬಗೆಯ ಲಿನಕ್ಸ್ ಆದ ಫೆಡೋರಾ 2020ರಿಂದ ಇದನ್ನೇ ಡಿಫಾಲ್ಟ್ ಮಾಡಿದೆ. ರ‍್ಯಾಮ್‌ನ ಒಳಗೇ ಒಂದು ನಕಲಿ ಡಿಸ್ಕ್ ಮಾಡಿ, ಹೊರಗೆ ಹೋಗಬೇಕಾದ ಪೇಜ್‌ಗಳನ್ನು ಹಿಂಡಿ (ಕಂಪ್ರೆಸ್ ಮಾಡಿ) ಅಲ್ಲಿ ಇಡುತ್ತದೆ. ತಿಪಟೂರು ಕಡೆ ಮನೆಗಳಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರಲ್ಲ, ಅಂಥ ಅಟ್ಟ ಇದು. ಮನೆಯೊಳಗೇ ಇದೆ, ಏಣಿ ಹಾಕಿದರೆ ಸಿಕ್ಕಿತು. ಪೇಜ್ ಬಿಚ್ಚಲು ಮೈಕ್ರೋಸೆಕೆಂಡ್‌ಗಳು ಸಾಕು. ಪ್ಯಾಕೇಜ್ ಹಾಕಿದೆ, ರ‍್ಯಾಮ್‌ನ ಅರ್ಧ ಅಳತೆಯ ಅಟ್ಟ ತಾನೇ ಸಿದ್ಧವಾಯಿತು. ಹಳೆ ಡಿಸ್ಕ್ ಸ್ವಾಪ್ ಕೂಡ ಇರಲಿ ಅಂತ ಬಿಟ್ಟೆ, ಅಟ್ಟ ತುಂಬಿದರೆ ತೋಟದ ಮನೆ ಇದ್ದ ಹಾಗೆ. ನಾಲ್ಕು ದಿನ ಸ್ವರ್ಗ. ಊರೆಲ್ಲಾ ಹೇಳಿಕೊಂಡು ತಿರುಗಿದೆ.

ಐದನೇ ದಿನ ಮತ್ತೆ "ಮಾಮ".

ವಿಚಿತ್ರ ಏನೆಂದರೆ ಬೆಳಿಗ್ಗೆ ಚೆನ್ನಾಗಿರುತ್ತಿತ್ತು, ಸಂಜೆ ಆಗುತ್ತಾ ಕೆಡುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಸರಿ. ಹಾರ್ಡ್‌ಡಿಸ್ಕ್ ಸಾಯುತ್ತಿದೆಯೇನೋ ಎಂದು ಒಂದು ಭಾನುವಾರ ಪೂರ್ತಿ ಡಿಸ್ಕ್ ಪರೀಕ್ಷೆ ಮಾಡಿದೆ. ಡಿಸ್ಕ್ ಗಟ್ಟಿಯಾಗಿತ್ತು. ಸಂಜೆ ಸ್ವಾಪ್‌ನ ಪಟ್ಟಿ ತೆರೆದು ನೋಡಿದಾಗ ಗುಟ್ಟು ಸಿಕ್ಕಿತು. ಝಡ್‌ರ‍್ಯಾಮ್ ಪೂರ್ತಿ ತುಂಬಿದೆ. ಹೊಸದಾಗಿ ಹೊರಗೆ ಹೋಗುವುದೆಲ್ಲ ಡಿಸ್ಕ್‌ಗೆ ಹೋಗುತ್ತಿದೆ.

ಯಾವುದು ಮೊದಲು ಹೊರಗೆ ಹೋಗುತ್ತದೆ, ಯೋಚಿಸಿ. ಯಾರೂ ಮುಟ್ಟದ್ದು. ಲ್ಯಾಪ್‌ಟಾಪ್ ಶುರುವಾದಾಗ ಒಮ್ಮೆ ಓಡಿ ಮಲಗಿದ ಸೇವೆಗಳು, ಬೆಳಿಗ್ಗೆ ತೆರೆದು ಮರೆತ ಟ್ಯಾಬ್‌ಗಳು. ಅವು ಮೊದಲು ಬಂದು ಅಟ್ಟ ಹತ್ತಿ ಕೂತವು. ಅಟ್ಟ ತುಂಬಿತು. ಸಂಜೆ ಈಗಷ್ಟೇ ಬಳಸುತ್ತಿದ್ದ ಟ್ಯಾಬಿನ ಪೇಜ್ ಹೊರಗೆ ಹೋಗಬೇಕಾದಾಗ ಅಟ್ಟದಲ್ಲಿ ಜಾಗ ಇಲ್ಲ, ಸೀದಾ ತೋಟದ ಮನೆಗೆ. ಎರಡು ನಿಮಿಷಕ್ಕೆ ಮತ್ತೆ ಬೇಕು, ತೋಟದಿಂದ ತರಬೇಕು. ಅಜ್ಜಿ ಕಾಲದ ಕಡಾಯಿ ಕೈಗೆ ಸಿಗುವ ಅಟ್ಟದಲ್ಲಿ, ದಿನಾ ಬೇಕಾದ ಸೌಟು ತೋಟದ ಮನೆಯಲ್ಲಿ! ಝಡ್‌ರ‍್ಯಾಮ್‌ಗೆ ತಾನು ಒಂದು ಡಿಸ್ಕ್ ಅಂತ ಮಾತ್ರ ಗೊತ್ತು. ಒಳಗಿರುವ ಹಳೆಯದನ್ನು ತಾನಾಗಿ ಕೆಳಗಿಳಿಸಿ ಹೊಸದಕ್ಕೆ ಜಾಗ ಮಾಡುವ ಬುದ್ಧಿ ಅದಕ್ಕಿಲ್ಲ.

ಯಾವ ಸ್ವಾಪ್ ಮೊದಲು ತುಂಬಬೇಕು ಅನ್ನುವ ಆದ್ಯತೆ ಸಂಖ್ಯೆ ಬದಲಾಯಿಸಿ ನೋಡಿದೆ. ಉಪಯೋಗವಿಲ್ಲ, ತಲೆಕೆಳಗು ಮಾಡಿದರೆ ಎಲ್ಲವೂ ಡಿಸ್ಕ್‌ಗೇ ಹೋಗುತ್ತದೆ. ಝಡ್‌ರ‍್ಯಾಮನ್ನು ಒಮ್ಮೆ ಆಫ್ ಮಾಡಿ ಖಾಲಿ ಮಾಡೋಣ ಅಂದರೆ, ಒಳಗಿದ್ದದ್ದನ್ನೆಲ್ಲ ಬಿಚ್ಚಿ ಹಾಕಲು ರ‍್ಯಾಮ್ ಎಲ್ಲಿದೆ? ಇಪ್ಪತ್ತು ನಿಮಿಷ ಯಂತ್ರ ಅಲ್ಲಾಡಲಿಲ್ಲ. ಅಟ್ಟದಿಂದ ಡಿಸ್ಕ್‌ಗೆ ಇಳಿಸುವ ಸೌಲಭ್ಯ ಝಡ್‌ರ‍್ಯಾಮ್‌ನಲ್ಲೂ ಇದೆ ನಿಜ. ಆದರೆ ಅದಕ್ಕೆ ಬೇರೆಯೇ ಪಾರ್ಟಿಶನ್ ಕೊಡಬೇಕು, ಯಾವಾಗ ಇಳಿಸಬೇಕು ಅಂತ ನಾವೇ ಸ್ಕ್ರಿಪ್ಟ್ ಬರೆದು ಹೇಳುತ್ತಿರಬೇಕು. ಮನೆ ಲ್ಯಾಪ್‌ಟಾಪ್‌ಗೆ ಇಷ್ಟೆಲ್ಲ ಯಾರಿಗೆ ಬೇಕು.

ಝಡ್‌ಸ್ವಾಪ್ ಈ ಒಂದು ವಿಷಯದಲ್ಲೇ ಗೆದ್ದುಬಿಟ್ಟಿತು. ಇದು ಡಿಸ್ಕ್ ಅಲ್ಲ, ಡಿಸ್ಕ್ ಸ್ವಾಪ್‌ನ ಮುಂದೆ ಕೂರುವ ತಡೆಗೋಡೆ. ಹೊರಗೆ ಹೊರಟ ಪೇಜನ್ನು ಹಿಡಿದು, ಹಿಂಡಿ, ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಡಿಫಾಲ್ಟ್ ಮಿತಿ ರ‍್ಯಾಮ್‌ನ 20 ಶೇಕಡಾ. ಮಿತಿ ತಲುಪಿದರೆ ಅತಿ ಹಳೆಯದನ್ನು ತಾನೇ ಡಿಸ್ಕ್‌ಗೆ ಕಳಿಸಿ ಹೊಸದಕ್ಕೆ ಜಾಗ ಮಾಡುತ್ತದೆ. ಕಡಾಯಿ ತೋಟಕ್ಕೆ, ಸೌಟು ಅಟ್ಟಕ್ಕೆ. ಡಿಸ್ಕ್ ಸ್ವಾಪ್ ಹೇಗೂ ಇತ್ತು. ಝಡ್‌ರ‍್ಯಾಮ್ ಪ್ಯಾಕೇಜ್ ತೆಗೆದುಹಾಕಿದೆ, ಲಿನಕ್ಸನ್ನು ಶುರು ಮಾಡುವ ಗ್ರಬ್‌ನಲ್ಲಿ ಝಡ್‌ಸ್ವಾಪ್ ಆನ್ ಮಾಡುವ ಒಂದು ಪದ ಸೇರಿಸಿದೆ, ರೀಸ್ಟಾರ್ಟ್ ಮಾಡಿದೆ, ಅಷ್ಟೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಝಡ್‌ಸ್ವಾಪ್ ಮುಂದೆ ನಿಂತು ಝಡ್‌ರ‍್ಯಾಮ್‌ಗೆ ಹೋಗುವುದನ್ನೇ ಹಿಡಿದುಕೊಳ್ಳುತ್ತದೆ.

ಹಿಂಡುವುದರಲ್ಲಿ ಝಡ್‌ರ‍್ಯಾಮ್ ಮುಂದೆ, ಒಪ್ಪುತ್ತೇನೆ. ನನ್ನ ಕರ್ನಲ್‌ನ ಝಡ್‌ಸ್ವಾಪ್ ಒಂದು ಪೇಜಿನ ಜಾಗದಲ್ಲಿ ಹೆಚ್ಚೆಂದರೆ ಎರಡು ಇಡುತ್ತದೆ.

ಹೈಬರ್ನೇಟ್ (ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಆರಿಸುವುದು): ಝಡ್‌ರ‍್ಯಾಮ್ ಮಾತ್ರ ಇದ್ದರೆ ಆಗುವುದಿಲ್ಲ, ಕರೆಂಟ್ ಹೋದರೆ ಅದರಲ್ಲಿದ್ದದ್ದೂ ಹೋಯಿತು. ಝಡ್‌ಸ್ವಾಪ್ ಹಿಂದೆ ನಿಜವಾದ ಡಿಸ್ಕ್ ಇದೆ. ಹತ್ತು ನಿಮಿಷದ ಬ್ಯಾಟರಿಯವನಿಗೆ ಇದು ಸಣ್ಣ ವಿಷಯ ಅಲ್ಲ. ಬೇಸಿಗೆಯ ಸಂಜೆ ಕರೆಂಟ್ ಹೋದಾಗ ಹೈಬರ್ನೇಟ್ ಒತ್ತಿ ಎದ್ದು ಹೋಗುತ್ತೇನೆ, ಬಂದಾಗ ಟ್ಯಾಬ್ ಎಲ್ಲಾ ಹಾಗೇ ಇರುತ್ತವೆ.

ನಿಮ್ಮದು ಎಸ್‌ಡಿ ಕಾರ್ಡ್ ಮೇಲೆ ಓಡುವ ರಾಸ್ಪ್‌ಬೆರಿ ಪೈ ಆಗಿದ್ದರೆ, ಡಿಸ್ಕ್ ಸ್ವಾಪ್ ಬೇಡವೇ ಬೇಡ ಅನ್ನುವವರಾದರೆ, ಝಡ್‌ರ‍್ಯಾಮ್ ಒಂದನ್ನೇ ಹಾಕಿ. ಕೈಯಲ್ಲಿ ದುಡ್ಡಿದ್ದರೆ ಎಸ್‌ಎಸ್‌ಡಿ ಹಾಕಿಸಿ, ಈ ರಗಳೆಯ ಮುಕ್ಕಾಲು ಪಾಲು ಇರುವುದಿಲ್ಲ. ನಮ್ಮದು ಟ್ಯಾಬ್ ಮುಚ್ಚದ ಮನೆ, ಬಜೆಟ್ ಆಗಲೇ ಎಸ್.ಪಿ. ರೋಡ್‌ನಲ್ಲಿ ಮುಗಿದಿತ್ತು. ಝಡ್‌ಸ್ವಾಪ್ ಹಾಕಿ ಎರಡು ತಿಂಗಳಾಯಿತು. "ಮಾಮ" ಅನ್ನುವ ಕೂಗು ಈಗಲೂ ಬರುತ್ತದೆ, ಆದರೆ ಚಾರ್ಜರ್ ಎಲ್ಲಿಟ್ಟೆ ಅಂತ ಕೇಳಲು.

ಆ 1.5 ವೋಲ್ಟ್‌ನ 4 ಜಿಬಿ ಸ್ಟಿಕ್ ಮೇಜಿನ ಡ್ರಾಯರ್‌ನಲ್ಲೇ ಇದೆ. ತುಮಕೂರಿನಲ್ಲಿ ಯಾರದ್ದಾದರೂ ಇನ್ನೂ ಹಳೆಯ ಲ್ಯಾಪ್‌ಟಾಪ್‌ಗೆ ಆಗುವುದಾದರೆ ಹೇಳಿ, ಒಂದು ತಟ್ಟೆ ಇಡ್ಲಿ ಕೊಡಿಸಿದರೆ ಸಾಕು.