ಮಳೆ ನೋಡಲು 35 ಜಿಬಿ: ಮೂರು ವರ್ಷ ಬಳಸಿದ ಮೇಲೆ

ಬ್ಲೂ-ರೇ ಡಿಸ್ಕಿನ ಸಿನಿಮಾವನ್ನು ಕುಗ್ಗಿಸದೆ ಇದ್ದ ಹಾಗೇ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳುವ ಈ ಹುಚ್ಚು ಹಿಡಿದದ್ದು ಮಳೆಯಿಂದ. ತೀರ್ಥಹಳ್ಳಿ ಕಡೆಯವನು ನಾನು, ಮಳೆ ಹೇಗಿರುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ನನ್ನದೇ ಬ್ಲೂ-ರೇಯಿಂದ 5 ಜಿಬಿಗೆ ಕುಗ್ಗಿಸಿಟ್ಟ ಸಿನಿಮಾದಲ್ಲಿ ರಾತ್ರಿ ಮಳೆ ಶುರುವಾದರೆ, 65 ಇಂಚಿನ ಟೀವಿಯಲ್ಲಿ ಅದು ಬೂದಿ ಕಲಸಿದ ನೀರು. ಹನಿ ಕಾಣುವುದಿಲ್ಲ, ಕತ್ತಲಲ್ಲಿ ಚೌಕ ಚೌಕ ತೇಪೆ. ಹಿಂದಿನ ಫ್ರೇಮಿನಲ್ಲಿ ಇದ್ದದ್ದನ್ನೇ ಮತ್ತೆ ಬಳಸಿ ಜಾಗ ಉಳಿಸುವುದು ಕಂಪ್ರೆಶನ್, ಅಂದರೆ ಫೈಲ್ ಕುಗ್ಗಿಸುವುದರ, ಕೆಲಸ, ಅಲ್ವಾ? ಗೋಡೆ ಇದ್ದಲ್ಲೇ ಇರುತ್ತದೆ, ಹನಿ ಎಲ್ಲಿ ಇರುತ್ತದೆ? ಎರಡೂವರೆ ಗಂಟೆಯ ಸಿನಿಮಾ 5 ಜಿಬಿ ಅಂದರೆ ಸೆಕೆಂಡಿಗೆ 4.5 ಮೆಗಾಬಿಟ್ ಕೂಡ ಸಿಗುವುದಿಲ್ಲ. ಬ್ಲೂ-ರೇಯಲ್ಲಿ ಚಿತ್ರಕ್ಕೇ 40ರ ತನಕ ಅವಕಾಶ ಇದೆ.

ಹಾಗಾಗಿ ಕಡಿತವಿಲ್ಲದ ಕಾಪಿ, ಅದಕ್ಕೆ ರೀಮಕ್ಸ್ ಅಂತಾರೆ, ಒಂದೊಂದೂ ಸುಮಾರು 35 ಜಿಬಿ. ಭಾನುವಾರ ಬೆಳಿಗ್ಗೆ ಅದೇ ಕೆಲಸ. ಡಿಸ್ಕನ್ನು ಅಂಚಲ್ಲಿ ಹಿಡಿದು, ಹಳೆ ಪಂಚೆಯ ಮೆತ್ತನೆ ತುಂಡಿನಿಂದ ನಡುವಿನಿಂದ ಹೊರಕ್ಕೆ ಒರೆಸುತ್ತೇನೆ. ಸುತ್ತ ಸುತ್ತ ಒರೆಸಬಾರದು. ಡ್ರೈವ್ ಮೊದಲು ಗೊರ್ ಅನ್ನುತ್ತದೆ, ಆಮೇಲೆ ಒಂದೇ ಶ್ರುತಿ ಹಿಡಿಯುತ್ತದೆ. ಕಾಫಿ, ತಿಂಡಿ, ಪೇಪರ್ ಮುಗಿಯುವಷ್ಟರಲ್ಲಿ ಫೈಲ್ ರೆಡಿ. ಅವತ್ತು ರಾತ್ರಿ ಮಳೆ ಮಳೆಯಾಗಿಯೇ ಬಂತು, ಬೀದಿದೀಪದ ಕೆಳಗೆ ಒಂದೊಂದು ಎಳೆ ಬೇರೆ ಬೇರೆ.

ಆರು ತಿಂಗಳು ಈ ಖುಷಿ. ಆಮೇಲೆ 4 ಟಿಬಿ ಹಾರ್ಡ್‌ಡಿಸ್ಕ್ 110 ಸಿನಿಮಾಕ್ಕೆ ತುಂಬಿಹೋಯಿತು, ಬ್ಯಾಕಪ್ಪಿಗೆ ಇನ್ನೊಂದು ಬೇಕು, ಮನೆಯವಳ ಮುಖ ನೋಡಬೇಕಿತ್ತು. ಅದಕ್ಕಿಂತ ತಲೆ ತಿಂದಿದ್ದು ಮನೆಯ ನೆಟ್‌ವರ್ಕಲ್ಲಿ ಟೀವಿಗೆ ಹೋಗುವ 4ಕೆ ಕಾಪಿ. ಇಪ್ಪತ್ತು ನಿಮಿಷ ಸರಿಯಾಗಿ ಓಡಿ, ಒಳ್ಳೆ ಫೈಟಿನಲ್ಲಿ ಗಕ್ಕಂತ ನಿಲ್ಲುತ್ತಿತ್ತು. ರೌಟರ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಸುಮ್ನೆ ದುಡ್ಡು ದಂಡ. ಕೊನೆಗೆ ನೋಡಿದರೆ ಅಷ್ಟು ದುಬಾರಿ ಟೀವಿಯ ಲ್ಯಾನ್ ಪೋರ್ಟ್, ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ, ಸೆಕೆಂಡಿಗೆ ಬರೀ 100 ಮೆಗಾಬಿಟ್‌ನದು! 4ಕೆ ಡಿಸ್ಕಿನ ಡೇಟಾ ವೇಗ ಕೆಲವು ಕಡೆ ಅದನ್ನು ದಾಟುತ್ತದೆ. ಕೇಬಲ್ ಕಿತ್ತು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದೆ, ರೋಗ ವಾಸಿ. ವೈರಿಗಿಂತ ವೈಫೈ ವಾಸಿ ಅನ್ನುವ ದಿನ ಬರುತ್ತದೆ ಅಂದುಕೊಂಡಿರಲಿಲ್ಲ.

ಇನ್ನು ಶಬ್ದ. ಟ್ರೂಎಚ್‌ಡಿ, ಅಂದರೆ ಡಾಲ್ಬಿಯ ಕಡಿತವಿಲ್ಲದ ಶಬ್ದ, ಬಿಟ್ಟು ಬೇರೆ ಕೇಳುವುದಿಲ್ಲ ಅಂತ ಮೆರೆಯುತ್ತಿದ್ದೆ. ಒಂದು ಸಲ ಹಿಂದಿನ ಸ್ಪೀಕರಿನಲ್ಲಿ ಮಳೆ ಶುರುವಾದಾಗ ಅಡುಗೆಮನೆಯಿಂದ ಅಮ್ಮ "ಮಳೆ ಬಂತು ಕಣೋ, ಬಟ್ಟೆ ತೆಗಿ" ಅಂದರು. ಇದಲ್ವಾ ಕ್ವಾಲಿಟಿ ಅಂತ ಬೀಗಿದೆ. ಮುಂದಿನ ವಾರ ಅದೇ ಸಿನಿಮಾದ ಕುಗ್ಗಿಸಿದ ಫೈಲ್ ಹಾಕಿದೆ, ಶಬ್ದವೂ ಕುಗ್ಗಿಸಿದ್ದೇ, 640 ಕಿಲೋಬಿಟ್‌ನ ಸಾದಾ ಡಾಲ್ಬಿ. ಅಮ್ಮ ಸೀದಾ ಮಹಡಿ ಹತ್ತಿ ಬಟ್ಟೆ ತಂದೇಬಿಟ್ಟರು.

ಈಗ ಚಿತ್ರ ಡಿಸ್ಕಿನಲ್ಲಿ ಇದ್ದ ಹಾಗೇ ಇಡುತ್ತೇನೆ, ಶಬ್ದಕ್ಕೆ ಸಾದಾ ಡಾಲ್ಬಿ. ಸಿನಿಮಾಕ್ಕೆ 3-4 ಜಿಬಿ ಉಳಿಯುತ್ತದೆ. ಮಗಳ ಕಾರ್ಟೂನೆಲ್ಲ 3 ಜಿಬಿಗೆ ಕುಗ್ಗಿಸಿದ್ದೇನೆ, ಬಣ್ಣ ಬಳಿದ ಗೋಡೆಯ ಹಾಗೆ ಚಿತ್ರ, ವ್ಯತ್ಯಾಸ ಹುಡುಕಿದರೂ ಸಿಗಲಿಲ್ಲ. ಕಾರ್ಟೂನಿನಲ್ಲಿ ಮಳೆ ಬಂದರೂ ನಾಲ್ಕು ಗೀಟು ಅಷ್ಟೇ.